ಕೈಬಿಟ್ಟರೆ ಉಳಿತಾಯವೆಂದು ಹೇಳಿದವರು ಯಾರು?

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರದ ಕ್ರೀಡಾಪುಟದಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ರಸೆಲ್ ವಿಲ್ಸನ್ ಬಗ್ಗೆ ನೀವು ಹಾಕಿದ ಸುದ್ದಿ ನನ್ನ ಎರಡು ದಿನಗಳನ್ನು ನುಂಗಿತು. ಡೆನ್ವರ್ ಬ್ರಾಂಕೋಸ್ ತಂಡ 2024ರ ಮಾರ್ಚ್‌ನಲ್ಲಿ ಅವರನ್ನು ಕೈಬಿಟ್ಟದ್ದು ನಿಜ. ಆದರೆ ‘ಕೊಕ್ ಕೊಟ್ಟು ಕೋಟಿ ಕೋಟಿ ಉಳಿಸಿದ ಬ್ರಾಂಕೋಸ್’ ಎಂಬ ತಲೆಬರಹ ಯಾವ ಲೆಕ್ಕದಿಂದ ಬಂತು? ಇಲ್ಲಿ ಡೆನ್ವರ್‌ನಲ್ಲಿ ನಾವು ಶನಿವಾರ ರಾತ್ರಿಯ ಊಟಕ್ಕೆ ಕುಳಿತಿದ್ದಾಗ ಹೊಸಪೇಟೆಯಿಂದ ಅಪ್ಪನ ಫೋನು. ‘ನಿಮ್ಮ ತಂಡ ಬಹಳ ಜಾಣತನ ಮಾಡಿದೆಯಂತಲ್ಲಪ್ಪ, ಪತ್ರಿಕೆಯಲ್ಲೇ ಬಂದಿದೆ’ ಎಂದರು. ಇಲ್ಲ ಎಂದು ನಾನು ವಿವರಿಸುವಷ್ಟರಲ್ಲಿ ಅನ್ನ ತಣ್ಣಗಾಗಿತ್ತು. ಮರುದಿನ ಅದೇ ತುಣುಕು ಇಲ್ಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿಗೂ ಬಂತು. ಯುಗಾದಿ ಕಾರ್ಯಕ್ರಮದ ಮಾತು ಬಿಟ್ಟು ಎಲ್ಲರೂ ನನ್ನ ಮೇಲೆ ಮುಗಿಬಿದ್ದರು. ಅಚ್ಚಾದ ಮಾತಿನ ಮುಂದೆ ನನ್ನ ಮಾತು ಯಾರಿಗೆ ಬೇಕು?

ನಿಮ್ಮ ವರದಿಗಾರರು ಐಪಿಎಲ್ ಲೆಕ್ಕವನ್ನು ತಂದು ಇಲ್ಲಿಗೆ ಅಂಟಿಸಿದ್ದಾರೆ. 2023ರ ನವೆಂಬರ್‌ನಲ್ಲಿ ಆರ್‌ಸಿಬಿ ಹರ್ಷಲ್ ಪಟೇಲ್ ಅವರನ್ನು ಬಿಟ್ಟಾಗ ಅವರ 10.75 ಕೋಟಿ ರೂಪಾಯಿ ಪೂರ್ತಿಯಾಗಿ ತಂಡದ ಪರ್ಸ್‌ಗೆ ಮರಳಿತು. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹಾಗಿಲ್ಲ. ಇಲ್ಲಿ ಒಪ್ಪಂದಕ್ಕೆ ಸಹಿ ಹಾಕಿದಾಗ ಆಟಗಾರನಿಗೆ ದೊಡ್ಡ ಬೋನಸ್ ಕೊಡುತ್ತಾರೆ. ಆದರೆ ವೇತನ ಮಿತಿಯ, ಅಂದರೆ ತಂಡವೊಂದು ವರ್ಷಕ್ಕೆ ಆಟಗಾರರ ಲೆಕ್ಕಕ್ಕೆ ಬರೆಯಬಹುದಾದ ಗರಿಷ್ಠ ಮೊತ್ತದ, ಪುಸ್ತಕದಲ್ಲಿ ಅದನ್ನು ಗರಿಷ್ಠ ಐದು ವರ್ಷಗಳಿಗೆ ಹಂಚಿ ಬರೆಯುತ್ತಾರೆ. ಆಟಗಾರನನ್ನು ಬಿಟ್ಟ ಕೂಡಲೇ ಮುಂದಿನ ವರ್ಷಗಳ ಕಂತುಗಳೆಲ್ಲ ಒಟ್ಟಿಗೆ ಎದ್ದು ಬರುತ್ತವೆ. ಸಾಲ ಮಾಡಿ ಎತ್ತು ತಂದವನು ಎತ್ತನ್ನು ಹೊಡೆದಟ್ಟಿದರೆ ಸೊಸೈಟಿಯವರು ಕಂತು ಬಿಡುತ್ತಾರೆಯೇ? ಹೀಗೆ ಬಿಟ್ಟುಹೋದ ಆಟಗಾರನ ಹೆಸರಿನಲ್ಲಿ ಲೆಕ್ಕಕ್ಕೆ ಬೀಳುವ ಹಣಕ್ಕೆ ಇಲ್ಲಿ ‘ಡೆಡ್ ಮನಿ’ ಎನ್ನುತ್ತಾರೆ. ನಿಮ್ಮ ವರದಿಯಲ್ಲಿ ಆ ಪದವೇ ಇಲ್ಲ.

ವಿಲ್ಸನ್ ಅವರ ಬೋನಸ್ ಬಾಕಿ 4.6 ಕೋಟಿ ಡಾಲರ್. ಅದರ ಮೇಲೆ 2024ಕ್ಕೆ ಖಾತರಿ ಕೊಟ್ಟಿದ್ದ 3.9 ಕೋಟಿ. ಒಟ್ಟು 8.5 ಕೋಟಿ ಡಾಲರ್! ಅಟ್ಲಾಂಟಾ ತಂಡ 2022ರಲ್ಲಿ ಮ್ಯಾಟ್ ರಯಾನ್ ಅವರನ್ನು ಬೇರೆ ತಂಡಕ್ಕೆ ಕೊಟ್ಟಾಗ ಹೊತ್ತ 4.05 ಕೋಟಿಯೇ ಅದುವರೆಗಿನ ದಾಖಲೆಯಾಗಿತ್ತು; ಇದು ಅದರ ಎರಡು ಪಟ್ಟಿಗೂ ಹೆಚ್ಚು. ಹೊರೆಯನ್ನು ಎರಡು ವರ್ಷಗಳಿಗೆ ಹಂಚಲು ಬಿಡುವ ಜೂನ್ 1ರ ನಿಯಮವನ್ನು ಬಳಸಿಕೊಂಡು 2024ಕ್ಕೆ 5.3 ಕೋಟಿ, 2025ಕ್ಕೆ 3.2 ಕೋಟಿ ಎಂದು ಹೊರೆಯನ್ನು ಎರಡು ಹೋಳು ಮಾಡಿದ್ದಾರೆ, ಅಷ್ಟೆ. ವಿಲ್ಸನ್ ಅವರನ್ನು ಉಳಿಸಿಕೊಂಡಿದ್ದರೆ 2024ರ ಲೆಕ್ಕಕ್ಕೆ ಬೀಳುತ್ತಿದ್ದದ್ದು 3.54 ಕೋಟಿ ಮಾತ್ರ. ಆ ವರ್ಷದ ಒಟ್ಟು 25.54 ಕೋಟಿಯ ಮಿತಿಯಲ್ಲಿ ಐದನೇ ಒಂದು ಪಾಲು, ಮೈದಾನಕ್ಕೆ ಇಳಿಯದ ಆಟಗಾರನ ಹೆಸರಿನಲ್ಲಿ! ಅವರು 2024ರಲ್ಲಿ ಪಿಟ್ಸ್‌ಬರ್ಗ್ ತಂಡ ಸೇರಿದರು. ಆ ವರ್ಷ ಆ ತಂಡ ಕೊಟ್ಟದ್ದು 12.1 ಲಕ್ಷ ಡಾಲರ್, ಖಾತರಿಯ 3.9 ಕೋಟಿಯಲ್ಲಿ ಉಳಿದದ್ದನ್ನು ನಮ್ಮ ತಂಡವೇ ತುಂಬಬೇಕಾಯಿತು. ಇದನ್ನು ಉಳಿತಾಯ ಎನ್ನುವವರ ಕೈಗೆ ಯಾರೂ ಮನೆಯ ಖರ್ಚಿನ ಪುಸ್ತಕ ಕೊಡಬಾರದು.

ಉಳಿತಾಯವೇನೂ ಆಗಿಲ್ಲವೆಂದು ನಾನು ಹೇಳುತ್ತಿಲ್ಲ. ಮಾರ್ಚ್ 17 ದಾಟಿದ್ದರೆ 2025ರ 3.7 ಕೋಟಿಗೂ ಖಾತರಿ ಕೊಡಬೇಕಾಗುತ್ತಿತ್ತು, ಅದು ತಪ್ಪಿತು. ವಿಲ್ಸನ್ ಅವರನ್ನು ಬಿಡುವುದಾಗಿ ಹೇಳಿದ ವಾರವೇ ತಂಡದ ಇನ್ನೊಬ್ಬ ಆಟಗಾರ ಜಸ್ಟಿನ್ ಸಿಮನ್ಸ್ ಅವರನ್ನು ಬಿಟ್ಟಾಗ ನಿಜಕ್ಕೂ 1.45 ಕೋಟಿ ಉಳಿಯಿತು, ಏಕೆಂದರೆ ಅವರ ಬೋನಸ್ ಬಾಕಿ ಇದ್ದದ್ದು 37.5 ಲಕ್ಷ ಮಾತ್ರ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನಾಲ್ಕು ಸಾಲು ಬರೆದಿದ್ದರೆ ಅಪ್ಪನಿಗೂ ಅರ್ಥವಾಗುತ್ತಿತ್ತು. ಅವರು ನಲವತ್ತು ವರ್ಷ ಲೆಕ್ಕಪತ್ರ ಬರೆದವರು.

2023ರ ಡಿಸೆಂಬರ್ 24ರಂದು ನ್ಯೂ ಇಂಗ್ಲೆಂಡ್ ತಂಡದ ಎದುರು 26–23ರಿಂದ ಸೋತ ಪಂದ್ಯಕ್ಕೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಚಳಿಯಲ್ಲಿ ಕುಳಿತಿದ್ದೆ. ಮೂರೇ ದಿನಕ್ಕೆ ವಿಲ್ಸನ್ ಬೆಂಚಿಗೆ. ಮಗನ ಹುಟ್ಟುಹಬ್ಬಕ್ಕೆ ಅವರ 3ನೇ ಸಂಖ್ಯೆಯ ಕಿತ್ತಳೆ ಬಣ್ಣದ ಜೆರ್ಸಿ ಕೊಡಿಸಿದ್ದೆ. ಹೆಸರು ಅಚ್ಚಾಗಿದೆ, ಬದಲಿಸುವುದಿಲ್ಲ ಎಂದು ಅಂಗಡಿಯವನು ಮುಖ ತಿರುಗಿಸಿದ. ಹುಡುಗ ಈಗ ಅದನ್ನು ತೊಡುವುದಿಲ್ಲ.

ಅಧಿಕಾರದಲ್ಲಿ ಇರುವವರ ಲೆಕ್ಕವೇ ಹೀಗೆ. ಬ್ರಾಂಕೋಸ್ ಆಡುವ ಈ ಕ್ರೀಡಾಂಗಣ ಕಟ್ಟಲು 1998ರಲ್ಲಿ ಜನರ ಮತ ಪಡೆದು ಮಾರಾಟ ತೆರಿಗೆ ಮುಂದುವರಿಸಿದರು. ನಾನು ಬಂದಿಳಿದ ಮೇಲೂ 2011ರ ಕೊನೆಯವರೆಗೆ ಅಕ್ಕಿ ಪಾತ್ರೆಯಿಂದ ಹಿಡಿದು ಛತ್ರಿಯವರೆಗೆ ಹತ್ತು ಡಾಲರಿಗೆ ಒಂದು ಸೆಂಟ್ ಕೊಟ್ಟಿದ್ದೇನೆ. ತಂಡ 2022ರಲ್ಲಿ 465 ಕೋಟಿ ಡಾಲರಿಗೆ ಮಾರಾಟವಾಯಿತು. ನಮ್ಮ ಬಡಾವಣೆಯ ಮಕ್ಕಳ ಮೈದಾನದಲ್ಲಿ ಕೆಟ್ಟ ದೀಪ ಎರಡು ವರ್ಷದಿಂದ ಹಾಗೆಯೇ ಇದೆ, ಕೇಳಿದರೆ ಅನುದಾನವಿಲ್ಲ. ಅಪ್ಪನ ಬೀದಿಯ ದೀಪಕ್ಕೂ ಅದೇ ಉತ್ತರ. ಅವರ ಮೂರು ಅರ್ಜಿಗಳು ಯಾವ ಕಪಾಟಿನಲ್ಲಿವೆಯೋ ದೇವರೇ ಬಲ್ಲ. ಲೆಕ್ಕ ಕೊಡದವರನ್ನು ಪ್ರಶ್ನಿಸಬೇಕಾದ ಪತ್ರಿಕೆಯೇ ತಪ್ಪು ಲೆಕ್ಕ ಅಚ್ಚು ಹಾಕಿದರೆ ನಾವು ಎಲ್ಲಿಗೆ ಹೋಗಬೇಕು?

ತಿದ್ದುಪಡಿ ಹಾಕಿ, ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ. ವೇತನ ಮಿತಿ ಎಂದರೇನು ಎಂದು ಬಲ್ಲವರಿಂದ ಒಂದು ಲೇಖನವನ್ನೂ ಬರೆಸಿ. ಅದಾಗದಿದ್ದರೆ ಅಮೆರಿಕದ ಫುಟ್‌ಬಾಲ್ ಸುದ್ದಿಯನ್ನೇ ಹಾಕಬೇಡಿ. ಆ ಜಾಗದಲ್ಲಿ ಹೊಸಪೇಟೆಯ ಬೀದಿದೀಪಗಳ ಸುದ್ದಿಯನ್ನಾದರೂ ಹಾಕಿ. ಏನಾದರೂ ಮಾಡಿ, ಆದರೆ ಓದುಗರಿಗೆ ಕೂಡಿಸಿ ಕಳೆಯಲು ಬರುವುದಿಲ್ಲವೆಂದು ಮಾತ್ರ ತಿಳಿಯಬೇಡಿ.

– ನಿಮ್ಮ ಹಳೆಯ ಓದುಗ, ಡೆನ್ವರ್