ರೋಟರಿ: ಫೋಟೊ ಜೊತೆ ಒಳಗಿನ ವ್ಯವಸ್ಥೆಯನ್ನೂ ಹೇಳಿ

ಮಾನ್ಯ ಸಂಪಾದಕರೇ,

ಜುಲೈ ಬಂತೆಂದರೆ ಜಿಲ್ಲಾ ಪುಟದ ತುಂಬ ರೋಟರಿ ಸೇವಾ ಸಂಸ್ಥೆಯ ಪದಗ್ರಹಣದ ಫೋಟೊಗಳು. ಹಳೆ ಅಧ್ಯಕ್ಷರು ಕಾಲರ್ (ಅಧಿಕಾರದ ಹಾರ) ತೆಗೆದು ಹೊಸಬರ ಕೊರಳಿಗೆ ಹಾಕುತ್ತಾರೆ, ಶಾಲು, ಚಪ್ಪಾಳೆ. ಸಂಸ್ಥೆ ನಡೆಯುವುದು ಹೇಗೆ ಅಂತ ಮಾತ್ರ ಒಂದು ಸಾಲೂ ಇರುವುದಿಲ್ಲ.

1905ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಈ ಸಂಸ್ಥೆಗೆ ಸದಸ್ಯರು ಜನ ಅಲ್ಲ, ಕ್ಲಬ್ಬುಗಳು. ನಾವು ಊರಿನ ಕ್ಲಬ್ಬಿಗೆ ಸೇರುತ್ತೇವೆ, ಕ್ಲಬ್ಬು ಅಂತರರಾಷ್ಟ್ರೀಯ ಸಂಸ್ಥೆಗೆ ಸೇರುತ್ತದೆ. ನಿಯಮ ತಿದ್ದುವುದು ಅಧ್ಯಕ್ಷರ ಕೈಯಲ್ಲಿಲ್ಲ, 3 ವರ್ಷಕ್ಕೊಮ್ಮೆ ಸೇರುವ ಪ್ರತಿನಿಧಿಗಳ ಸಭೆಯ ಕೈಯಲ್ಲಿದೆ. ಅಲ್ಲಿ ಡಿಸ್ಟ್ರಿಕ್ಟಿಗೆ, ಅಂದರೆ ಒಂದು ಪ್ರದೇಶದ ಕ್ಲಬ್ಬುಗಳ ಗುಂಪಿಗೆ, ಒಬ್ಬ ಪ್ರತಿನಿಧಿ, ಒಂದು ಓಟು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಬದಲಾವಣೆ ಎಷ್ಟು ನಿಧಾನ ನೋಡಿ. ಮಹಿಳೆಯರನ್ನು ಸೇರಿಸಿಕೊಂಡಿದ್ದಕ್ಕೆ ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ಬನ್ನೇ 1978ರಲ್ಲಿ ಹೊರಹಾಕಿದರು. ಜಗಳ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1987ರಲ್ಲಿ ರೋಟರಿ ಸೋತ ಮೇಲೆಯೇ, 1989ರಲ್ಲಿ ನಿಯಮ ಬದಲಾಗಿದ್ದು. ವಿಶ್ವ ಅಧ್ಯಕ್ಷ ಸ್ಥಾನಕ್ಕೆ ಮಹಿಳೆ ಬರಲು 2022 ಆಗಬೇಕಾಯಿತು!

ನನ್ನ ತಕರಾರು ಇರುವುದು ಅವಧಿಯ ಬಗ್ಗೆ. ಕ್ಲಬ್ ಅಧ್ಯಕ್ಷ, ಡಿಸ್ಟ್ರಿಕ್ಟ್ ಗವರ್ನರ್, ವಿಶ್ವ ಅಧ್ಯಕ್ಷ, ಎಲ್ಲರಿಗೂ ಒಂದೇ ವರ್ಷ. ಯಾರೂ ಕುರ್ಚಿಗೆ ಅಂಟಿಕೊಳ್ಳುವುದಿಲ್ಲ, ಒಪ್ಪಿದೆ. ಆದರೆ ಕೆಲಸ ಅರ್ಥವಾಗುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಪೋಲಿಯೊ ನಿರ್ಮೂಲನೆಯ ಕೆಲಸ 1985ರಿಂದ ನಿಂತಿಲ್ಲ ಅಂದರೆ ಅದು ಯಾವ ಒಬ್ಬ ಅಧ್ಯಕ್ಷರ ಯೋಜನೆಯೂ ಅಲ್ಲ, ಇಡೀ ಸಂಸ್ಥೆಯ ಯೋಜನೆ ಅನ್ನೋ ಕಾರಣಕ್ಕೇ. ಊರಿನ ಕ್ಲಬ್ಬುಗಳಲ್ಲೂ ಹೀಗೆ ಯಾಕಾಗಬಾರದು? ಮುಂದಿನ ಜುಲೈನಲ್ಲಿ ಹೊಸ ಅಧ್ಯಕ್ಷರನ್ನು, ಹಳಬರ ಯಾವ ಕೆಲಸ ಮುಂದುವರಿಸುತ್ತೀರಿ ಅಂತ ನಿಮ್ಮ ವರದಿಗಾರರು ಕೇಳಲಿ.

– ಒಬ್ಬ ಓದುಗ, ಶಿವಮೊಗ್ಗ