ಬಚ್ಚಲಮನೆಯ ಬಾಗಿಲು ಹಾಕಿದ ಮೇಲೆ

ಶಿರಸಿ

ಪ್ರೀತಿಯ ತಂಗಿ,

ಕಾರವಾರದಿಂದ ನೀನು ಕಳಿಸಿದ ಚಿತ್ರಕಥೆಯನ್ನು ಎರಡು ಸಲ ಓದಿದೆ. ಮಳೆಗಾಲದ ಮೀನುಗಾರಿಕೆ ನಿಷೇಧ, ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟು ಕಡಲಿಗಿಳಿಯುವಂತಿಲ್ಲ. ನೆಂಟನ ಹಾಗೆ ಬಂದು ಹೋಗುತ್ತಿದ್ದ ಮೀನುಗಾರ ಗಂಡ ಆ 61 ದಿನ ಮನೆಯಲ್ಲೇ. ನಿನ್ನ ನಾಯಕಿಗೆ ಅವನು ಬೇಕು, ಕೆಲವು ರಾತ್ರಿ ಬೇಡ. ಇಷ್ಟನ್ನೇ ಕಥೆ ಮಾಡಬಹುದು ಅಂತ ನಿನಗೆ ಹೊಳೆಯಿತಲ್ಲ, ಓದುತ್ತ ನನಗೆ ನಿಜಕ್ಕೂ ಖುಷಿಯಾಯಿತು.

ಆದರೆ ಬಚ್ಚಲಮನೆಯ ದೃಶ್ಯ ನೋಡು. 'ಒದ್ದೆ ಸೀರೆ ಮೈಗೆ ಅಂಟಿದೆ' ಎಂದು ಬರೆದಿದ್ದೀಯ. ಬಾಗಿಲು ಹಾಕಿದೆ, ಒಳಗಿರುವುದು ಅವಳೊಬ್ಬಳೇ. ಹಾಗಾದರೆ ನೋಡುತ್ತಿರುವವರು ಯಾರು? ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ ಬರೆದ ಪ್ರಬಂಧದ ಮಾತೂ ಇದೇ: ಕ್ಯಾಮೆರಾ, ತೆರೆಯ ಮೇಲಿನ ಗಂಡಸು, ಪ್ರೇಕ್ಷಕ ಮೂವರೂ ಒಂದೇ ಕಣ್ಣಾಗಿ ಹೆಂಗಸನ್ನು ನೋಡುತ್ತಾರೆ. ಹೆಣ್ಣಾದ ನೀನೂ ಆ ಕಣ್ಣನ್ನೇ ಕಡ ತಂದಿದ್ದೀಯ. ನಾವೆಲ್ಲ ಸಿನಿಮಾ ನೋಡಿ ಕಲಿತದ್ದು ಅದನ್ನೇ, ನಿನ್ನೊಬ್ಬಳ ತಪ್ಪಲ್ಲ. ಮೀನಿನ ವಾಸನೆ ಹೋಗಲಿ ಅಂತ ಅವಳು ಬೆರಳುಗಳನ್ನು ಎಷ್ಟು ಹೊತ್ತು ತಿಕ್ಕುತ್ತಾಳೆ? ಹೊರಗೆ ಅವನು ಕೆಮ್ಮಿದಾಗ ಹಂಡೆಯಿಂದ ಎತ್ತಿದ ತಂಬಿಗೆ ಕೈಯಲ್ಲೇ ನಿಲ್ಲುತ್ತದೆಯೇ? ಅದನ್ನು ಬರೆ.

ನಮ್ಮ ಕಡೆ ಅಡಿಕೆ ಸುಲಿಯುವ ರಾತ್ರಿಗಳು ನನಗೆ ಇದನ್ನೆಲ್ಲ ಕಲಿಸಿದವು. ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತ ಹೆಂಗಸರು, ಚೊಗರು ಹತ್ತಿ ಕಪ್ಪಾದ ಬೆರಳುಗಳು. ನನಗಾಗ ಹದಿನಾಲ್ಕಿರಬೇಕು, ನಿದ್ದೆ ಬಂದವಳ ಹಾಗೆ ಮೂಲೆಯಲ್ಲಿ ಬಿದ್ದುಕೊಂಡು ಕೇಳುತ್ತಿದ್ದೆ. ಐವತ್ತು ದಾಟಿದ ಒಬ್ಬಾಕೆ, "ಗದ್ದೆ ಹೂಡಿ ಬಂದಾಗ ನಮ್ಮನೆಯವರ ಬೆನ್ನು ನೋಡಬೇಕಿತ್ತು ನೀವು" ಅಂದಳು. ಹೇಳುವಾಗಲೂ ಕೈ ನಿಲ್ಲಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂಗಳದಲ್ಲಿ ಗಂಡಸರ ಚಪ್ಪಲಿ ಸದ್ದಾಯಿತು ನೋಡು, ನಗು ಅಲ್ಲಿಗೇ ನಿಂತು ಕತ್ತಿಯ ಕಚ ಕಚ ಮಾತ್ರ ಉಳಿಯಿತು. ಆಕೆ ಕಂಡ ಆ ಬೆನ್ನನ್ನು ತೆರೆಯ ಮೇಲೆ ನೋಡಬೇಕು ಅಂತ ನಾನು ಇವತ್ತಿಗೂ ಕಾಯುತ್ತಿದ್ದೇನೆ.

ಕೊನೆಗೆ ಅವಳನ್ನು ಕಾಳಿ ನದಿಗೆ ಹಾರಿಸಿದ್ದೀಯ. ಬೇಡ. 1973ರ 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದಲ್ಲಿ ಜಯಂತಿ ಮಾಡಿದ ಮಾಧವಿಯ ಆಸೆಯನ್ನು ಪುಟ್ಟಣ್ಣ ಕಣಗಾಲ್ ಮುಚ್ಚಿಡಲಿಲ್ಲ, ಆ ಕಾಲಕ್ಕೆ ಅದು ದೊಡ್ಡ ಧೈರ್ಯ. ಆದರೂ ಅವಳಿಗೆ ಸಾವೇ ಗತಿಯಾಯಿತು. ಅರ್ಧ ಶತಮಾನ ಕಳೆದ ಮೇಲೂ ಅದೇ ಶಿಕ್ಷೆಯೇ? ಆಗಸ್ಟ್ 1ರ ಬೆಳಿಗ್ಗೆ ಅವಳು ಬೈತಖೋಲ್ ಬಂದರಿನಲ್ಲಿ ನಿಂತು ಅವನ ಬೋಟು ಹೊರಡುವುದನ್ನು ನೋಡಲಿ. ಬೇಸರವೋ ನಿರಾಳವೋ, ಅವಳ ಮುಖದಲ್ಲಿ ಎರಡೂ ಇರಲಿ.

ಇನ್ನೊಂದು ಮಾತು, ಇದನ್ನು ಬರೆಯಲು ನನಗೆ ಈಗಲೂ ಕಷ್ಟವಾಗುತ್ತದೆ. ಹಿಂದೊಮ್ಮೆ ಒಂದು ಧಾರಾವಾಹಿಗೆ 'ಇಬ್ಬರೂ ಹತ್ತಿರವಾಗುತ್ತಾರೆ' ಎಂದಷ್ಟೇ ಬರೆದುಕೊಟ್ಟಿದ್ದೆ. ಉಳಿದದ್ದನ್ನು ಸೆಟ್‌ನಲ್ಲಿ ಅವರವರೇ ತೀರ್ಮಾನಿಸಿದರು, ಆ ಹುಡುಗಿಯನ್ನು ಒಂದು ಮಾತೂ ಕೇಳಲಿಲ್ಲ. ಮಧ್ಯಾಹ್ನ ಅವಳು ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ನಾನು ಬಿಟ್ಟ ಜಾಗವನ್ನು ಬೇರೆಯವರು ತುಂಬಿದ್ದರು. ಅದಕ್ಕೇ ಹೇಳುತ್ತೇನೆ, ಅವಳ ಕೈ ಎಲ್ಲಿರುತ್ತದೆ, ಅವನದು ಎಲ್ಲಿರುತ್ತದೆ, ಎಲ್ಲಿಗೆ ಕಟ್, ಎಲ್ಲವನ್ನೂ ಬಿಡಿಸಿ ಬರೆ. ನಟಿಗೆ ಅದನ್ನು ಶೂಟಿಂಗಿಗೆ ವಾರ ಮೊದಲೇ ಓದಿಸು. ಅವಳು ಬೇಡ ಅಂದ ಸಾಲನ್ನು ಅಲ್ಲೇ ಹೊಡೆದುಹಾಕಿ, ತಿದ್ದಿದ ಪ್ರತಿಯನ್ನು ನನಗೆ ಕಳಿಸು.

ನಿನ್ನ ಅಕ್ಕ