ತೋರಬೇಕೆ, ಸಭಾಧ್ಯಕ್ಷನೇ?

ಮಾನ್ಯ ಸಭಾಧ್ಯಕ್ಷನೇ,

ನಿನಗೊಬ್ಬನಿಗೇ ಕಳಿಸಿದರೆ ‘ಆಮೇಲೆ ಓದೋಣ’ ಎಂದು ಬದಿಗಿಡುತ್ತೀಯ. ಅದಕ್ಕೇ ನಾಲ್ಕು ಜನ ನೋಡುವಲ್ಲಿ ಬರೆಯುತ್ತಿದ್ದೇನೆ. ಮರ್ಯಾದೆಗೆ ಅಂಜಿಯಾದರೂ ಓದು. ಕೊಡೆಯ ಸಂಗತಿಯನ್ನು ಇಲ್ಲಿ ಎತ್ತುವುದಿಲ್ಲ ಎಂದು ಮಾತು ಕೊಡುತ್ತೇನೆ.

ಮಗಳ ಮನೆಗೆ ಬಂದು ಮೂರು ವಾರವಾಯಿತು. ಕಳೆದ ಭಾನುವಾರ ಅವಳು ಆಮ್‌ಸ್ಟರ್‌ಡ್ಯಾಮ್ ತೋರಿಸಲು ಕರೆದೊಯ್ದಿದ್ದಳು. ಕಾಲು ನೋವೆಂದು ಕಾಲುವೆಯ ಪಕ್ಕದ ಒಂದು ಚೌಕದಲ್ಲಿ ಕುಳಿತೆ. ಸುತ್ತ ಹೋಟೆಲು, ಬಾರು, ಗಲಾಟೆ. ನಡುವೆ ಪೀಠದ ಮೇಲೆ ಕಂಚಿನ ಮನುಷ್ಯನೊಬ್ಬ. ಹೆಸರು ಓದಿದೆ: ತೋರ್ಬೆಕೆ. ‘ಲೆಕ್ಕ ಮಾಡಿದ್ದನ್ನು ತೋರಬೇಕೆ ಸಾರ್?’ ಎಂದು ತರಗತಿಯಲ್ಲಿ ನೀನು ನಿಂತುಕೊಂಡ ಆ ದಿನ ನೆನಪಾಗಿ ಒಬ್ಬನೇ ನಕ್ಕೆ. ಮಗಳು ಗಾಬರಿಯಾದಳು. ರಾತ್ರಿ ಮನೆಗೆ ಬಂದು ಆ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ನಿವೃತ್ತನಿಗೆ ಬೇರೆ ಕೆಲಸವೇನು?

ಯೋಹಾನ್ ರುಡಾಲ್ಫ್ ತೋರ್ಬೆಕೆ, ಈ ನೆದರ್‌ಲೆಂಡ್ಸ್ ದೇಶದ ಸಂವಿಧಾನ ಬರೆದ ರಾಜಕಾರಣಿ. 1798ರಲ್ಲಿ ಜ್ವೊಲ್ಲೆ ಎಂಬ ಊರಿನಲ್ಲಿ ಹುಟ್ಟಿದವನು. ಅಪ್ಪನ ಹೊಗೆಸೊಪ್ಪಿನ ವ್ಯಾಪಾರ ಮುಳುಗಿತ್ತು. ಉಳಿದ ಆಸೆಯನ್ನೆಲ್ಲ ಮಗನ ಓದಿನ ಮೇಲೆ ಹೂಡಿದ್ದ. ಮಗ 1825ರಲ್ಲಿ ಗೆಂಟ್‌ನಲ್ಲಿ ಪ್ರಾಧ್ಯಾಪಕನಾದ. 1830ರಲ್ಲಿ, ಗೆಂಟ್ ಇರುವ ಬೆಲ್ಜಿಯಂ ನೆದರ್‌ಲೆಂಡ್ಸ್‌ನಿಂದ ಸಿಡಿದು ಬೇರೆಯಾದಾಗ, ಅಲ್ಲಿಂದ ಹೊರಬಿದ್ದು ಇಲ್ಲಿನ ಲೇಡನ್ ವಿಶ್ವವಿದ್ಯಾಲಯ ಸೇರಿದ. 1844ರಲ್ಲಿ ಇನ್ನೆಂಟು ಜನರನ್ನು ಕಟ್ಟಿಕೊಂಡು ಸಂವಿಧಾನ ತಿದ್ದಬೇಕೆಂದು ಸಂಸತ್ತಿನ ಮುಂದೆ ಇಟ್ಟ. ಯಾರೂ ಕೇಳಲಿಲ್ಲ. ನಾಲ್ಕು ವರ್ಷದ ನಂತರ ಪ್ಯಾರಿಸ್ಸಿನಲ್ಲಿ ಸಿಂಹಾಸನ ಉರುಳಿದ ಸುದ್ದಿ ಬಂತು ನೋಡು, ಇಲ್ಲಿನ ದೊರೆ ಎರಡನೆಯ ವಿಲಿಯಂ ಇಪ್ಪತ್ತನಾಲ್ಕು ಗಂಟೆಯಲ್ಲಿ ಸಂಪ್ರದಾಯವಾದಿಯಿಂದ ಉದಾರವಾದಿಯಾಗಿಬಿಟ್ಟ. ಅವನೇ ಹಾಗೆ ಹೇಳಿಕೊಂಡ. ಸಂವಿಧಾನ ಬರೆಯುವ ಸಮಿತಿಗೆ ನಮ್ಮ ಮೇಷ್ಟ್ರೇ ಅಧ್ಯಕ್ಷ.

ಆ 1848ರ ಸಂವಿಧಾನದಲ್ಲಿ ನನಗೆ ಬಹಳ ಹಿಡಿಸಿದ ಮಾತೊಂದಿದೆ: ರಾಜನ ಮೇಲೆ ಯಾವ ದೋಷವೂ ತಟ್ಟದು, ಮಂತ್ರಿಗಳೇ ಹೊಣೆ. ಮೂವತ್ತೈದು ವರ್ಷಗಳಿಂದ ನಮ್ಮ ಮನೆ ನಡೆದಿರುವುದು ಇದೇ ಕಾನೂನಿನ ಮೇಲೆ. ರಾಜ ನಾನು, ಹಾಲು ಉಕ್ಕಿದರೆ, ಗ್ಯಾಸ್ ಮುಗಿದರೆ, ನೆಂಟರು ಮುನಿದರೆ ಹೊಣೆ ಮಂತ್ರಿಯದು. ಮಂತ್ರಿ ಈಗ ಅಡುಗೆಮನೆಯಿಂದ ಇಣುಕಿ ನೋಡಿದರು. ಮುಂದಕ್ಕೆ ಹೋಗೋಣ.

1849ರಲ್ಲಿ ಅವನು ಸರ್ಕಾರ ರಚಿಸಿದಾಗ ನಿಮ್ಮ ಕಾರ್ಯಕ್ರಮವೇನೆಂದು ಸಂಸತ್ತು ಕೇಳಿತಂತೆ. ‘ನಮ್ಮ ಕೆಲಸಕ್ಕೆ ಕಾಯಿರಿ’ ಎಂದನಂತೆ. ತೋರಬೇಕೆ? ಬೇಡ, ಮಾಡಿದಾಗ ನೋಡಿ. ನೋಡಿದರು ಕೂಡ: ಚುನಾವಣಾ ಕಾಯ್ದೆ, ಪ್ರಾಂತ್ಯಗಳ ಕಾಯ್ದೆ, ಪುರಸಭೆಗಳ ಕಾಯ್ದೆ ಎರಡೇ ವರ್ಷದಲ್ಲಿ ಬಂದವು. 1853ರಲ್ಲಿ ಕ್ಯಾಥೊಲಿಕ್ ಬಿಷಪ್ಪರು ಮರಳಿ ಬಂದದ್ದಕ್ಕೆ ಪ್ರೊಟೆಸ್ಟೆಂಟರು ಎದ್ದರು, ಹೊಸ ದೊರೆಯೂ ಅವರ ಪರ ವಾಲಿದ, ಸರ್ಕಾರ ಬಿತ್ತು. ಒಂಬತ್ತು ವರ್ಷದ ನಂತರ ಮತ್ತೆ ಬಂದ. ಊರಿಗೆಲ್ಲ ಬಿಗಿದ ಮುಖದ ಒಣ ಮನುಷ್ಯ; ಹತ್ತೊಂಬತ್ತು ವರ್ಷ ಕಿರಿಯಳಾದ ಹೆಂಡತಿ ಆಡೆಲ್ಹೈಟ್‌ಗೆ ಬರೆದ ಪತ್ರಗಳಲ್ಲಿ ಮಾತ್ರ ಬೆಣ್ಣೆಯಂತೆ ಕರಗುತ್ತಾನೆ.

ಇಲ್ಲಿಯವರೆಗೆ ಹೇಳಿ ನಿಲ್ಲಿಸಬೇಕೆಂದಿದ್ದೆ. ಆದರೆ ಅಲೆಟಾ ಯಾಕೊಬ್ಸ್ ಎಂಬ ಹುಡುಗಿ ಅಡ್ಡ ಬಂದಳು. ಹಳ್ಳಿ ವೈದ್ಯರ ಮಗಳು, ಹದಿನೇಳು ವರ್ಷ. ತನಗೂ ವಿಶ್ವವಿದ್ಯಾಲಯದಲ್ಲಿ ಓದಲು ಅನುಮತಿ ಕೊಡಿ ಎಂದು 1871ರಲ್ಲಿ ತೋರ್ಬೆಕೆಗೆ ನೇರವಾಗಿ ಪತ್ರ ಬರೆದಳು. ಅವನಾಗ ಮೂರನೆಯ ಸಲ ಮಂತ್ರಿ. ಒಪ್ಪಿಗೆ ಕೊಟ್ಟ, ಮೊದಲು ಒಂದು ವರ್ಷಕ್ಕೆ. ಅವನು ಸತ್ತದ್ದು 1872ರ ಜೂನ್ 4ರಂದು; ಕಾಯಂ ಒಪ್ಪಿಗೆ ಬಂದದ್ದು ಅದಕ್ಕೆ ಕೆಲವೇ ದಿನ ಮೊದಲು. ಅವಳು ಆ ದೇಶದ ಮೊದಲ ಮಹಿಳಾ ವೈದ್ಯೆಯಾದಳು. ಆದರೆ ಮೊದಲ ಆ ಉತ್ತರ ಅವಳಿಗೆ ಬರಲಿಲ್ಲ. ಮಂತ್ರಿ ಬರೆದದ್ದು ಅವಳ ಅಪ್ಪನಿಗೆ.

ಆಮೇಲೆ ಎಲ್ಲಿ ನೋಡಿದರೂ ಇದೇ ಕಾಣತೊಡಗಿತು. ಅವನ ಎರಡನೆಯ ಸರ್ಕಾರದ ಕಾಲದಲ್ಲೇ, 1863ರ ಜುಲೈ 1ರಂದು, ದಕ್ಷಿಣ ಅಮೆರಿಕದಲ್ಲಿದ್ದ ಇವರ ವಸಾಹತು ಸುರಿನಾಮಿನಲ್ಲಿ ಗುಲಾಮಗಿರಿ ಮುಗಿಯಿತು. ತಲೆಗೆ 300 ಗಿಲ್ಡರ್ (ಇಲ್ಲಿನ ಅಂದಿನ ನಾಣ್ಯ) ಪರಿಹಾರ. ಯಾರಿಗೆ? ಒಡೆಯರಿಗೆ. ಬಿಡುಗಡೆಯಾದವರು ಇನ್ನೂ ಹತ್ತು ವರ್ಷ ಕರಾರಿನ ಮೇಲೆ ದುಡಿಯಬೇಕಿತ್ತು.

ಸಭಾಧ್ಯಕ್ಷನೇ, ಹೋದ ವರ್ಷ ಮಗಳು ನನಗೊಂದು ಉದ್ದ ಇಮೇಲ್ ಬರೆದಿದ್ದಳು. ಕೆಲಸ ಬಿಟ್ಟು ಮತ್ತೆ ಓದಬೇಕೆಂದಿದ್ದೇನೆ, ನಿಮಗೆ ಏನನ್ನಿಸುತ್ತದೆ ಅಪ್ಪ, ಎಂದು. ಹಣ ಕೇಳಿರಲಿಲ್ಲ. ಅನುಮತಿಯನ್ನೂ ಕೇಳಿರಲಿಲ್ಲ. ನಾನು ಎರಡು ದಿನ ಬಿಟ್ಟು ಅಳಿಯಂದಿರಿಗೆ ಫೋನ್ ಮಾಡಿ, ‘ನೀವೇ ಕೂತು ಯೋಚಿಸಿ, ಅವಳಿಗೆ ತಿಳಿಸಿ ಹೇಳಿ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾವ, ಅವಳು ಬರೆದದ್ದು ನಿಮಗೆ’ ಎಂದರು. ಸಿಗ್ನಲ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ಆ ಇಮೇಲಿಗೆ ಇವತ್ತಿಗೂ ಉತ್ತರ ಬರೆದಿಲ್ಲ. ಅವಳು ಕೆಲಸ ಬಿಡಲಿಲ್ಲ. ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ದಿನವೂ ಬೆಳಿಗ್ಗೆ ನನಗೆ ಕಾಫಿ ಸೋಸಿಟ್ಟು, ಮಳೆಯಲ್ಲಿ ಸೈಕಲ್ ಹತ್ತಿ ಹೋಗುತ್ತಾಳೆ. ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮೇಲೆ ನಾನು ಮಾಡಿದ ಭಾಷಣಗಳಿಗೆ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವನು ನೀನು. ಅದಕ್ಕೇ ನಿನಗೆ ಹೇಳಬೇಕೆನಿಸಿತು. ಇಷ್ಟು ಜನರ ಮುಂದೆ ಹೇಳುವ ಇರಾದೆ ಇರಲಿಲ್ಲ.

ಸಾಕು. ಗಂಟಲು ಕಟ್ಟಿದ್ದು ಇಲ್ಲಿನ ಚಳಿಗೆ. ಇವರ ಚೀಸು ಜೀರ್ಣವಾಗದಿದ್ದರೂ ಹೀಗೇ ಆಗುತ್ತದೆಯಂತೆ. ಸದಸ್ಯರು ವಿಷಯಾಂತರ ಮಾಡುತ್ತಿದ್ದಾರೆ ಎಂದು ನೀನು ಮೇಜು ಕುಟ್ಟುವುದು ಇಲ್ಲಿಗೇ ಕೇಳಿಸುತ್ತಿದೆ. ನಿನ್ನ ಕೊಡೆ ನಿನ್ನೆ ಗಾಳಿಗೆ ಕಾಲುವೆಗೆ ಹಾರಿತು. ಮಾತು ತಪ್ಪಿದೆ, ಕ್ಷಮಿಸು.

ಉತ್ತರ ಬರೆ. ಬರೆದರೆ ನನಗೇ ಬರೆ, ನಮ್ಮ ಮಂತ್ರಿಗಳಿಗೆ ಬರೆದು ‘ಅವನಿಗೆ ತಿಳಿಸಿ ಹೇಳಿ’ ಎನ್ನಬೇಡ.

ನಿನ್ನ,
ವಿರೋಧ ಪಕ್ಷದ ನಾಯಕ